ಮೂರು ಪದದ ಷರಾ

ಫೆಬ್ರುವರಿ ೩

ಮಗಳೇ,

ನೀನು ಬಸ್ಸು ಹತ್ತಿ ಮೂರು ದಿನವಾಯಿತು. ‘ತಲುಪಿದೆ’ ಎಂದು ಒಂದು ಪದದ ಸಂದೇಶ ಬಂತು. ನಿಮ್ಮಪ್ಪ ಅದನ್ನೇ ಎರಡು ಸಲ ಗಟ್ಟಿಯಾಗಿ ಓದಿದರು. ನನಗೆ ಅಷ್ಟು ಸಾಲದು. ಫೋನಿನಲ್ಲಿ ನೀನು ಬರೀ ‘ಹೂಂ, ಹೂಂ’ ಅನ್ನುತ್ತೀಯ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ತಪಾಸಣೆಗೆಂದು ಊರೂರು ಸುತ್ತುವಾಗ ನಾನು ನಿನಗೆ ಬರೆಯುತ್ತಿರಲಿಲ್ಲವೇ? ನೀನೂ ಕಾಗದದಲ್ಲೇ ಉತ್ತರ ಕೊಡಬೇಕು.

ನೀನು ತಪಾಸಣಾ ತಂಡದ ಮುಖ್ಯಸ್ಥೆಯಾದ ಸುದ್ದಿ ಬೀದಿಗೆಲ್ಲ ಗೊತ್ತಾಗಿದೆ. ಹಬ್ಬಿಸಿದವರು ನಿಮ್ಮಪ್ಪ, ಇನ್ಯಾರು? ಔಷಧಿ ಅಂಗಡಿಯವರು ನನ್ನನ್ನು ನಿಲ್ಲಿಸಿ, “ಏನ್ ಮೇಡಂ, ಮಗಳು ನಿಮ್ಮನ್ನೇ ಮೀರಿಸಿಬಿಟ್ಟಳಲ್ಲ!” ಅಂದರು. ನಕ್ಕೆ. ನಗದೆ ಏನು ಮಾಡಲಿ? ಆ ಕುರ್ಚಿ ಸಿಗುವಾಗ ನನಗೆ ನಲವತ್ತಾಗಿತ್ತು. ನಿನಗಿನ್ನೂ ಮೂವತ್ತನಾಲ್ಕು. “ನಮ್ಮ ಕಾಲದಲ್ಲಿ ಇಷ್ಟು ಸುಲಭವಾಗಿ ಯಾರೂ ಕೊಡ್ತಿರಲಿಲ್ಲ ಬಿಡಿ” ಎಂದಷ್ಟೇ ಹೇಳಿದೆ. ಅದಕ್ಕೆ ಜೊತೆಗಿದ್ದ ನಿಮ್ಮಪ್ಪ ಮನೆಗೆ ಬಂದವರು ಮುಖ ಊದಿಸಿಕೊಂಡು ಕೂತಿದ್ದಾರೆ.

ಅದೂ ಜಲಸಾರಿಗೆ ಇಲಾಖೆಯ ತಪಾಸಣೆ! ಇಪ್ಪತ್ತಮೂರು ವರ್ಷದ ಹಿಂದೆ ಅದೇ ಇಲಾಖೆಗೆ, ಅದೇ ಬಂದರಿಗೆ ನಾನು ಹೋಗಿದ್ದೆ. ಪ್ರತಿಯೊಂದು ಲಾಂಚನ್ನೂ ಇನ್‌ಸ್ಪೆಕ್ಟರು ವರ್ಷಕ್ಕೊಮ್ಮೆ ಹತ್ತಿ ನೋಡಬೇಕು, ತಳ ತಟ್ಟಿ ನೋಡಬೇಕು, ಆಮೇಲೆ ತಾನೇ ಓಡಾಟಕ್ಕೆ ಯೋಗ್ಯವೆಂಬ ಪ್ರಮಾಣಪತ್ರ? ಇವರು ದಡದಲ್ಲೇ ಕೂತು ಬರೆದುಕೊಡುತ್ತಿದ್ದಾರೆಂದು ನಾನು ಆಗಲೇ ಆಕ್ಷೇಪಣೆ ಎತ್ತಿದ್ದೆ. ದೊಡ್ಡ ಸಾಹೇಬರು ಅದರ ಮೇಲೆ ಕೆಂಪು ಗೀಟು ಎಳೆದುಬಿಟ್ಟರು. ಚಿಕ್ಕಂದಿನಿಂದ ಈ ಕಥೆ ಕೇಳಿದ್ದೀಯ. ಅದು ಅವತ್ತೇ ಹೊರಗೆ ಬಂದಿದ್ದರೆ ಇವತ್ತು ನಿನಗೆ ಹುಡುಕಲು ಏನೂ ಉಳಿದಿರುತ್ತಿರಲಿಲ್ಲ, ನೆನಪಿರಲಿ.

ಕಾಗದ ನೋಡಬೇಡ, ದೋಣಿ ನೋಡು. ಏನೇನು ಸಿಕ್ಕಿತು ಎಂದು ಬರಿ.

ನಿನ್ನ ಅಮ್ಮ


ಫೆಬ್ರುವರಿ ೨೦

ಅಮ್ಮಾ,

ನನ್ನ ಕೋಣೆ ಹಗ್ಗದ ಅಂಗಡಿಯ ಮೇಲಿದೆ. ದಿಂಬಿಗೂ ಡಾಂಬರಿನ ವಾಸನೆ. ಕಿಟಕಿ ತೆರೆದರೆ ಕಟ್ಟೆ, ಕಟ್ಟೆಯಾಚೆ ನದಿ. ಬೆಳಿಗ್ಗೆ ಆರೂವರೆಗೆ ಮೊದಲ ಲಾಂಚಿನ ಸಿಳ್ಳು ಕೇಳಿ ಏಳುತ್ತೇನೆ.

ಇನ್‌ಸ್ಪೆಕ್ಟರುಗಳ ಕಚೇರಿಯಲ್ಲಿ ಎಲ್ಲರೂ ಮರ್ಯಾದೆಯಿಂದ ಇದ್ದಾರೆ, ತೀರಾ ಮರ್ಯಾದೆಯಿಂದ. ಮೊನ್ನೆ ಒಂದು ಲಾಂಚು ನೋಡಬೇಕೆಂದಾಗ ಹಿರಿಯ ಇನ್‌ಸ್ಪೆಕ್ಟರು, “ದೋಣಿ ಎಲ್ಲಿಗೆ ಓಡಿಹೋಗುತ್ತೆ ಮೇಡಂ, ನಾಳೆ ನೋಡಿದರಾಯ್ತು” ಅಂದರು. “ಓಡೋದೇ ಅದರ ಕೆಲಸ ಅಲ್ವಾ ಸರ್?” ಅಂದೆ. ಅವರೂ ನಕ್ಕರು, ನಾನೂ ನಕ್ಕೆ, ಆಮೇಲೆ ಹೋಗಿ ನೋಡಿದೆವು. ಏನು ನೋಡಿದೆವು ಎಂದು ಮಾತ್ರ ಕೇಳಬೇಡ. ತಪಾಸಣೆ ಮುಗಿಯುವ ತನಕ ಮನೆಯವರಿಗೂ ಹೇಳಬಾರದೆಂದು ಕಲಿಸಿದವಳು ನೀನೇ.

ಹೇಳಬಹುದಾದ ಸುದ್ದಿ ಒಂದಿದೆ. ಒಂದು ಬೆಳಿಗ್ಗೆ ಲಾಂಚಿನಲ್ಲಿ ಕೂತು ಪ್ರಯಾಣಿಕರನ್ನು ಎಣಿಸುತ್ತಿದ್ದೆ. ಪಕ್ಕದಲ್ಲಿದ್ದ, ತಲೆ ಪೂರ್ತಿ ನರೆತ ಹೆಂಗಸೊಬ್ಬರು, “ಕೂತವರನ್ನ ಮಾತ್ರ ಎಣಿಸ್ತಿದೀಯಲ್ಲಮ್ಮ, ಇಂಜಿನ್ ಹಿಂದೆ ನಿಂತಿರೋರು ಏನು ಗಾಳಿಯಾ?” ಎಂದರು. ಹೋಗಿ ನೋಡಿದರೆ ಹದಿನಾಲ್ಕು ಜನ! ಇಳಿಯುವಾಗ ಅವರೇ ಕೇಳಿದರು: “ಆ ನಡಿಗೆ ನೋಡಿದ್ರೆ ಗೊತ್ತಾಗುತ್ತೆ. ನೀನು ಅವಳ ಮಗಳಲ್ವಾ?” ನಿನ್ನ ಹಳೆಯ ಸಹೋದ್ಯೋಗಿಯಂತೆ. ನೋಡಿ ಮುಗಿಸಿದ ಪ್ರತಿ ನಮೂದಿನ ಪಕ್ಕದಲ್ಲೂ ಪೆನ್ಸಿಲಿನಿಂದ ಚುಕ್ಕಿ ಇಡುತ್ತಿದ್ದುದರಿಂದ ಕಚೇರಿಯಲ್ಲಿ ಎಲ್ಲರೂ ‘ಚುಕ್ಕಿ’ ಎಂದೇ ಕರೆಯುತ್ತಿದ್ದರಂತೆ. ಈಗ ಆಚೆ ದಡದ ಶಾಲೆಯಲ್ಲಿ ವಾರಕ್ಕೆ ಮೂರು ದಿನ ಗಣಿತ ಹೇಳಿಕೊಡುತ್ತಾರೆ. ಭಾನುವಾರ ಊಟಕ್ಕೆ ಕರೆದಿದ್ದರು, ಹೋಗಿದ್ದೆ. “ನಿನ್ನಮ್ಮನಿಗಿಂತ ಎರಡು ತಿಂಗಳು ಚಿಕ್ಕವಳು ನಾನು, ಚಿಕ್ಕಮ್ಮ ಅನ್ನು ಸಾಕು” ಎಂದರು. ಇಷ್ಟು ಒಳ್ಳೆಯ ಗೆಳತಿಯ ಬಗ್ಗೆ ನೀನು ಒಂದು ದಿನವೂ ಹೇಳಲಿಲ್ಲವಲ್ಲ, ಯಾಕಮ್ಮಾ?

ಅಪ್ಪನಿಗೆ ಹೇಳು, ಬೀದಿಗೆಲ್ಲ ಸಾರುವುದು ಬೇಡ.

ನಿನ್ನ ಮಗಳು


ಮಾರ್ಚ್ ೨

ಮಗಳೇ,

ಚಿಕ್ಕಮ್ಮನಂತೆ! ನನಗೆ ತಂಗಿ ಇಲ್ಲ.

ನಿನ್ನ ಕಾಗದ ಓದಿದ ದಿನ ಊಟ ಸೇರಲಿಲ್ಲ. ನೀನು ನನ್ನ ಜೊತೆ ಸಮಾಧಾನವಾಗಿ ಕೂತು ಊಟ ಮಾಡಿ ಎಷ್ಟು ದಿನವಾಯಿತು ಹೇಳು. ಇಲ್ಲಿರುವಾಗ ಒಂದು ಕೈಯಲ್ಲಿ ತುತ್ತು, ಇನ್ನೊಂದು ಕೈಯಲ್ಲಿ ಫೋನು. ಅಲ್ಲಿ ಗುರುತಿಲ್ಲದವರ ಮನೆಯಲ್ಲಿ ಭಾನುವಾರದ ಊಟ.

ಯಾಕೆ ಹೇಳಲಿಲ್ಲ ಎಂದು ಕೇಳಿದ್ದೀಯ. ಹೇಳುವಂಥದ್ದೇನೂ ಇರಲಿಲ್ಲ. ಇಬ್ಬರೂ ಒಂದೇ ದಿನ ಕೆಲಸಕ್ಕೆ ಸೇರಿದೆವು. ಒಂದೇ ಕಿಟಕಿಯ ಬಳಿ ಎರಡು ಮೇಜು. ಬೆಳಕು ಅವಳ ಮೇಜಿನ ಮೇಲೆ ಬೀಳುತ್ತಿತ್ತು. ನಾನು ಹತ್ತು ದಿನ ಜಾಲಾಡಿದರೂ ಸಿಗದ ತಪ್ಪು ಅವಳ ಕೈಗೆ ಅರ್ಧ ಗಂಟೆಯಲ್ಲಿ ಸಿಗುತ್ತಿತ್ತು. “ಇದು ನೋಡೇ, ತಮಾಷೆಯಾಗಿದೆ” ಎಂದು ಹಾಳೆ ನನ್ನ ಕಡೆ ಜರುಗಿಸುತ್ತಿದ್ದಳು. ಅವಳಿಗೆ ಅದು ತಮಾಷೆ! ಜವಾನನಿಂದ ಹಿಡಿದು ದೊಡ್ಡ ಸಾಹೇಬರವರೆಗೆ ಎಲ್ಲರೂ ‘ಚುಕ್ಕಿ ಎಲ್ಲಿ, ಚುಕ್ಕಿಯನ್ನ ಕೇಳಿ’ ಎನ್ನುವವರೇ. ಎರಡು ತಿಂಗಳು ಮೊದಲು ಹುಟ್ಟಿದ್ದಕ್ಕೆ ತಂಡದ ಮುಖ್ಯಸ್ಥಾನ ನನಗೆ ಬಂತು. ಅದನ್ನೂ ಅವಳು ನಗುತ್ತಲೇ, “ನಿಮ್ಮಮ್ಮ ಅವಸರ ಮಾಡಿದ್ದು ಒಳ್ಳೇದೇ ಆಯ್ತು” ಎಂದು ಹೇಳಿದ್ದಳು. ಎಲ್ಲರೂ ನಕ್ಕರು.

ಆಮೇಲೆ ರಾಜೀನಾಮೆ ಕೊಟ್ಟು ಹೋದಳು. ಅಷ್ಟೇ ಕಥೆ.

ಅವಳು ನನ್ನ ಬಗ್ಗೆ ಏನೆಂದಳು? ಇದ್ದದ್ದು ಇದ್ದ ಹಾಗೆ ಬರಿ. ಊಟಕ್ಕೆ ಹೋಗಲೇಬೇಕಿದ್ದರೆ ಹೋಗು, ಬೇಡ ಅನ್ನಲು ನಾನ್ಯಾರು.

ನಿನ್ನ ಅಮ್ಮ


ಮಾರ್ಚ್ ೨೭

ಅಮ್ಮಾ,

ತಡವಾಯಿತು, ಬೈಯಬೇಡ. ಇಡೀ ದಿನ ದೋಣಿಗಳ ಹೊಟ್ಟೆಯೊಳಗೆ ಟಾರ್ಚು ಹಿಡಿದು ತೆವಳುತ್ತಿದ್ದೇವೆ. ಮೊಣಕೈ ಸಿಪ್ಪೆ ಎದ್ದಿದೆ.

ಚಿಕ್ಕಮ್ಮ ನಿನ್ನ ಬಗ್ಗೆ ಒಳ್ಳೆಯದನ್ನೇ ಹೇಳಿದರು. ನಿನ್ನ ಅಕ್ಷರ ಅಚ್ಚು ಹಾಕಿದ ಹಾಗಿತ್ತಂತೆ, ಮಳೆಯಲ್ಲಿ ನೆನೆದ ಕಡತವನ್ನು ಒಂದೊಂದೇ ಹಾಳೆ ಬಿಡಿಸಿ ಕಿಟಕಿಯಲ್ಲಿ ಒಣಗಿಸಿದ್ದೆಯಂತೆ. ಅದಕ್ಕಿಂತ ಹೆಚ್ಚು ಕೇಳಿದರೆ ಎದ್ದು ಚಹಾಕ್ಕೆ ನೀರಿಡುತ್ತಾರೆ.

ಕಟ್ಟೆಯ ಗೋಡೆಯಲ್ಲಿ ಒಂದು ಕಲ್ಲು ಕೂರಿಸಿದ್ದಾರೆ. ಹದಿನೇಳು ವರ್ಷದ ಹಿಂದೆ ಮುಳುಗಿದ ಲಾಂಚಿನಲ್ಲಿ ಸತ್ತ ಒಂಬತ್ತು ಜನರ ಹೆಸರು. ಕೊನೆಯ ಎರಡು ಹೆಸರಿನ ಮುಂದೆ ವಯಸ್ಸೂ ಇದೆ: ಆರು, ನಾಲ್ಕು. ತಳದ ಹಲಗೆ ಕೊಳೆತಿತ್ತಂತೆ. ಪ್ರಮಾಣಪತ್ರ ಮಾತ್ರ ಚೊಕ್ಕವಾಗಿತ್ತು.

ನಿನಗೆ ಅಚ್ಚರಿ ಕೊಡೋಣ ಎಂದುಕೊಂಡಿದ್ದೆ, ತಡೆಯಲಾಗುತ್ತಿಲ್ಲ. ನಿನ್ನ ಹಳೆಯ ಆಕ್ಷೇಪಣೆಯ ಕಡತವನ್ನು ಪ್ರಧಾನ ಕಚೇರಿಯಿಂದ ತರಿಸುತ್ತಿದ್ದೇನೆ. ನಮ್ಮ ವರದಿಯಲ್ಲಿ ಒಂದು ಅಧ್ಯಾಯ ‘ಹಿಂದಿನ ಎಚ್ಚರಿಕೆ’ ಎಂದೇ ಇರುತ್ತದೆ. ಅಲ್ಲಿ ನಿನ್ನ ಹೆಸರು ಬರಬೇಕು. ಸಾಹೇಬರು ಗೀಟು ಹಾಕಿದ್ದನ್ನು ನಾನು ಅಳಿಸುತ್ತೇನೆ ನೋಡು.

ನಿನ್ನ ಮಗಳು


ಏಪ್ರಿಲ್ ೧

ಮಗಳೇ,

ನಿನ್ನ ಕಾಗದ ಕೈಗೆ ಬಂದ ತಕ್ಷಣ ಬರೆಯುತ್ತಿದ್ದೇನೆ. ಆ ಕಡತ ಬೇಡ. ಅಷ್ಟು ಹಳೆಯದನ್ನೆಲ್ಲ ಎಂದೋ ಹರಿದು ಹಾಕಿರುತ್ತಾರೆ, ಗೆದ್ದಲು ತಿಂದಿರುತ್ತದೆ. ಇದ್ದರೂ ಅದರಿಂದ ನಿನಗೇನು ಉಪಯೋಗ? ತಪಾಸಣೆ ಎಂದರೆ ಈಗಿನದನ್ನು ನೋಡುವುದು. ಹಳೆಯದನ್ನು ಕೆದಕಿದರೆ ‘ಅಮ್ಮನ ಹೆಸರು ಹಾಕಿಸಿಕೊಳ್ಳೋಕೆ ವರದಿ ಬರೆದಳು’ ಅನ್ನುತ್ತಾರೆ. ನನಗೆ ಹೆಸರು ಬೇಡ. ಈ ವಯಸ್ಸಿನಲ್ಲಿ ನನಗೆ ಯಾಕೆ?

ಇದು ಅವಳ ಉಪಾಯವೇ? ಅವಳು ತರಿಸು ಎಂದಳೇ? ನಿಜ ಹೇಳು. ನಿನ್ನ ಮೇಲೆ ಅವಳಿಗೆ ಇಷ್ಟು ಪ್ರೀತಿ ಯಾಕೆ ಬಂತು ಎಂದು ನಾನು ದಿನವೂ ಯೋಚಿಸುತ್ತಿದ್ದೇನೆ.

ನಿನಗೆ ಕೆಲಸ ನನಗಿಂತ ಚೆನ್ನಾಗಿ ಬರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಇರಲಿ. ಆದರೆ ಈ ಒಂದು ವಿಷಯದಲ್ಲಿ ನನ್ನ ಮಾತು ಕೇಳು.

ಅಮ್ಮ


ಏಪ್ರಿಲ್ ೧೯

ಅಮ್ಮಾ,

ಕಡತ ಬಂತು. ಹರಿದಿರಲಿಲ್ಲ, ಗೆದ್ದಲೂ ತಿಂದಿರಲಿಲ್ಲ.

ಆಕ್ಷೇಪಣೆ ಎರಡೂವರೆ ಪುಟ. ಒಬ್ಬನೇ ಇನ್‌ಸ್ಪೆಕ್ಟರು ಒಂದೇ ದಿನ ಹನ್ನೊಂದು ಲಾಂಚುಗಳಿಗೆ ಸಹಿ ಹಾಕಿದ್ದಾನೆ. ಆರು ಈ ಬಂದರಿನಲ್ಲಿ, ಐದು ಇಲ್ಲಿಂದ ಒಂದು ಹಗಲಿನ ದಾರಿ ದೂರದ ಬಂದರಿನಲ್ಲಿ. ಪ್ರತಿ ಸಾಲಿನ ಪಕ್ಕದಲ್ಲೂ ಪೆನ್ಸಿಲಿನ ಚುಕ್ಕಿ. ಬರೆದ ಕೈ ನಿನ್ನದಲ್ಲ.

ನಿನ್ನ ಅಕ್ಷರ ಅಂಚಿನಲ್ಲಿದೆ. “ಸಾಕ್ಷ್ಯ ಸಾಲದು. ಕೈಬಿಡಲಾಗಿದೆ.” ಮೂರು ಪದದ ಷರಾ, ಕೆಳಗೆ ತಂಡದ ಮುಖ್ಯಸ್ಥೆಯ ಸಹಿ. ಸಾಹೇಬರ ಕೆಂಪು ಗೀಟು ಎಲ್ಲೂ ಇಲ್ಲ. ಅದು ಸಾಹೇಬರ ಮೇಜಿಗೆ ಹೋಗಿಯೇ ಇಲ್ಲ.

ಹನ್ನೊಂದರಲ್ಲಿ ಮೂರನೆಯದು, ಆರು ವರ್ಷದ ನಂತರ ಮುಳುಗಿದ ಲಾಂಚು. ಕಲ್ಲಿನ ಮೇಲಿರುವ ಲಾಂಚಿನ ಹೆಸರೂ ಕಡತದಲ್ಲಿರುವ ಹೆಸರೂ ಒಂದೇ ಎಂದು ಮೂರು ಸಲ ಹೋಗಿ ನೋಡಿ ಬಂದೆ.

ಷರಾ ಬರೆದವರು ನನ್ನ ತಾಯಿ ಎಂದು ಇವತ್ತೇ ನಮ್ಮ ಮುಖ್ಯಾಧಿಕಾರಿಗೆ ಪತ್ರ ಕಳಿಸಿದ್ದೇನೆ. ನಿಯಮ ಹಾಗಿದೆ, ಅದನ್ನೂ ನೀನೇ ಕಲಿಸಿದ್ದು.

ಚಿಕ್ಕಮ್ಮ ಕಡತ ತರಿಸು ಎಂದು ಹೇಳಿರಲಿಲ್ಲ. ನಿನ್ನ ಹೆಸರು ಹಾಕಿಸಬೇಕೆಂಬ ಆಸೆ ನನ್ನದೇ ಆಗಿತ್ತು.

ಯಾಕಮ್ಮಾ?


ಮೇ ೩೦

ಮಗಳೇ,

ನಿನ್ನ ಕಾಗದಕ್ಕೆ ಸಹಿ ಇರಲಿಲ್ಲ. ನಲವತ್ತು ದಿನದಲ್ಲಿ ಐದು ಉತ್ತರ ಬರೆದು ಹರಿದೆ. ಐದರಲ್ಲೂ ನನ್ನದು ತಪ್ಪಿಲ್ಲ ಎಂದಿತ್ತು. ಇದು ಆರನೆಯದು.

ಅವತ್ತು ಮಧ್ಯಾಹ್ನ ಚುಕ್ಕಿ ಆ ಎರಡೂವರೆ ಪುಟ ತಂದು ನನ್ನ ಮುಂದಿಟ್ಟಳು. ಓದಿದೆ. ಹಾಗೆ ಬರೆಯಲು ನನಗೆ ಈ ಜನ್ಮದಲ್ಲಿ ಬರುವುದಿಲ್ಲ ಎಂದು ಓದುವಾಗಲೇ ಗೊತ್ತಾಯಿತು. ಒಂದು ಪದ ಹೆಚ್ಚಿಲ್ಲ, ಒಂದು ಪದ ಕಡಿಮೆಯಿಲ್ಲ. ಸಂಜೆ ಮೆಟ್ಟಿಲಿಳಿಯುವಾಗ ಸಾಹೇಬರು ಯಾರಿಗೋ ಹೇಳುತ್ತಿದ್ದರು: “ಇನ್ನೊಂದು ಒಳ್ಳೆ ಆಕ್ಷೇಪಣೆ ಬರಲಿ, ಚುಕ್ಕಿಯನ್ನ ಪ್ರಧಾನ ಕಚೇರಿಗೆ ಕಳಿಸಿಬಿಡೋಣ. ಇಲ್ಲಿ ಕೊಳೆಯೋದು ಬೇಡ.” ಅವಳು ಕೊಳೆಯಬಾರದು. ನಾನು ಕೊಳೆಯಬಹುದು.

ಮೇಲೆ ಹೋಗಿ ಕೂತು ಆ ಮೂರು ಪದ ಬರೆದೆ. ಸಾಕ್ಷ್ಯ ಸಾಲದೆ ಇರಲಿಲ್ಲ. ಬೇಕಾದ್ದಕ್ಕಿಂತ ಹೆಚ್ಚೇ ಇತ್ತು. ಬರೆಯಲು ಅರ್ಧ ನಿಮಿಷ ಹಿಡಿದಿರಬಹುದು. ಮಾರನೆಯ ದಿನ ಅವಳು, “ಏನಾಯ್ತೇ?” ಎಂದು ಕೇಳಿದಳು. “ಸಾಹೇಬರು ಒಪ್ಪಲಿಲ್ಲ ಕಣೇ, ಗೀಟು ಎಳೆದುಬಿಟ್ಟರು” ಎಂದೆ. ಅದೇ ಕಥೆಯನ್ನು ಮುಂದೆ ನಿನಗೂ ಹೇಳಿದೆ. ಹೇಳುತ್ತಾ ಹೇಳುತ್ತಾ ಆಕ್ಷೇಪಣೆಯೂ ನನ್ನದೇ ಆಗಿಬಿಟ್ಟಿತು.

ಲಾಂಚು ಮುಳುಗಿದ ಸುದ್ದಿಯನ್ನು ಬಸ್ಸಿನಲ್ಲಿ ಪಕ್ಕದವರ ಪತ್ರಿಕೆಯಲ್ಲಿ ಓದಿದೆ. ಇದನ್ನು ಬರೆಯಲೇಬೇಕು, ಇಲ್ಲದಿದ್ದರೆ ಈ ಕಾಗದವೂ ಸುಳ್ಳಾಗುತ್ತದೆ. ಮೊದಲು ಮನಸ್ಸಿಗೆ ಬಂದದ್ದು ಸತ್ತವರಲ್ಲ. ‘ಅಯ್ಯೋ, ಚುಕ್ಕಿ ಹೇಳಿದ್ದೇ ಸರಿಯಾಯಿತಲ್ಲ’ ಎಂಬ ಉರಿ. ಸತ್ತವರು ಆಮೇಲೆ ಬಂದರು. ಬಂದವರು ಹೋಗಲಿಲ್ಲ.

ಆ ಎರಡೂವರೆ ಪುಟ ಹೊರಬಂದಿದ್ದರೆ ಲಾಂಚು ಉಳಿಯುತ್ತಿತ್ತೋ ಇಲ್ಲವೋ, ಯಾರಿಗೂ ಹೇಳಲಾಗದು. ಆ ಮಾತಿನ ಹಿಂದೆ ಹದಿನೇಳು ವರ್ಷ ಅಡಗಿ ಕೂತೆ. ಇನ್ನು ಕೂರುವುದಿಲ್ಲ.

ಕಡತ ಬಂದ ದಿನವೇ ನೀನು ಮುಖ್ಯಾಧಿಕಾರಿಗೆ ಬರೆದೆಯಲ್ಲ. ಇಪ್ಪತ್ತಮೂರು ವರ್ಷದಲ್ಲಿ ನನ್ನಿಂದಾಗದ್ದನ್ನು ನೀನು ಒಂದು ಮಧ್ಯಾಹ್ನದಲ್ಲಿ ಮಾಡಿದೆ. ಅದನ್ನು ಓದಿದಾಗಲೂ ನನಗೆ ಹೊಟ್ಟೆಕಿಚ್ಚಾಯಿತು. ಹೆತ್ತ ಮಗಳ ಮೇಲೆ. ನಾನು ಎಂಥವಳು ಎಂದು ನಿನಗೆ ಗೊತ್ತಿರಲಿ.

ಅಮ್ಮ


ಜೂನ್ ೧೬

ಅಮ್ಮಾ,

ನನ್ನನ್ನು ತಂಡದಿಂದ ತೆಗೆದಿದ್ದಾರೆ. ಶಿಕ್ಷೆಯಲ್ಲ, ನಿಯಮ. ನನಗಿಂತ ಎರಡು ವರ್ಷ ಕಿರಿಯನೊಬ್ಬ ಮುಖ್ಯಸ್ಥನಾಗಿ ಬಂದಿದ್ದಾನೆ. ನಾಲ್ಕೂವರೆ ತಿಂಗಳು ನಾನು ತೆವಳಿ ಕಂಡದ್ದೆಲ್ಲ ಅವನ ಹೆಸರಿನಲ್ಲಿ ಅಚ್ಚಾಗುತ್ತದೆ. ಕಡತಗಳನ್ನು ಒಪ್ಪಿಸುವಾಗ ಒಂದು ಪೆಟ್ಟಿಗೆಯ ಮೇಲೆ ಕೈ ಹಾಗೇ ನಿಂತುಬಿಟ್ಟಿತು. ಇದೊಂದನ್ನು ಕೊಡದಿದ್ದರೆ ಅವನಿಗೆ ಗೊತ್ತಾಗುವುದೂ ಇಲ್ಲ ಎಂದು ಅನಿಸಿತು. ಹೀಗೇ ಇರುತ್ತದೆಯೇ ನಿನ್ನ ಆ ಹೊಟ್ಟೆಕಿಚ್ಚು? ಕೊಟ್ಟುಬಿಟ್ಟೆ. ಆದರೆ ಕೊಡುವ ಮೊದಲಿನ ಆ ಒಂದು ಕ್ಷಣಕ್ಕೆ ನಿನ್ನ ಮೇಲೆ ಇನ್ನೂ ಹೆಚ್ಚು ಸಿಟ್ಟು ಬಂತು. ಅದನ್ನು ನನಗೆ ನೀನೇ ಕೊಟ್ಟಿರಬೇಕು ಅನಿಸಿ.

ಚಿಕ್ಕಮ್ಮನಿಗೆ ಹೇಳಿದೆ. ಅವರಿಗೆ ಆಗಲೇ ಗೊತ್ತಿತ್ತಂತೆ. ನೀನು ‘ಸಾಹೇಬರು ಒಪ್ಪಲಿಲ್ಲ’ ಎಂದ ವಾರವೇ ಅವರು ಸಾಹೇಬರನ್ನು ಕೇಳಿದ್ದರಂತೆ. “ಯಾವ ಆಕ್ಷೇಪಣೆ?” ಎಂದರಂತೆ ಅವರು.

“ಮತ್ತೆ ಆಗಲೇ ಯಾಕೆ ಹೇಳಲಿಲ್ಲ ನೀವು?” ಎಂದು ಕೂಗಿಬಿಟ್ಟೆ.

“ನಕಲು ನನ್ನ ಡ್ರಾಯರಿನಲ್ಲೇ ಇತ್ತಮ್ಮ. ಸಾಹೇಬರ ಮುಂದೆ ಇಡಬಹುದಿತ್ತು. ಅವಳು ಹೀಗೆ ಮಾಡಿದಳಲ್ಲ ಅಂತ ಮುನಿಸು. ರಾಜೀನಾಮೆ ಬಿಸಾಕಿ ಬಂದೆ. ನನಗೆ ಆಗ ದೋಣಿ ನೆನಪಿರಲಿಲ್ಲ, ನಿನ್ನಮ್ಮ ಮಾತ್ರ ನೆನಪಿದ್ದಳು. ಲಾಂಚು ಮುಳುಗಿದ ಮೇಲೆ ಈ ಊರಿಗೆ ಬಂದೆ. ಬಂದು ಏನು ಮಾಡಿದೆ? ಗಣಿತ ಹೇಳಿಕೊಟ್ಟೆ” ಎಂದರು.

ನಿನ್ನ ಕಾಗದದಲ್ಲಿ ಎಲ್ಲೂ ಕ್ಷಮೆ ಕೇಳಿಲ್ಲ. ಒಳ್ಳೆಯದಾಯಿತು. ಕೇಳಬೇಕಾದ್ದು ನನ್ನನ್ನಲ್ಲ. ಮುಂದಿನ ತಿಂಗಳು ನನ್ನನ್ನು ಬೇರೆ ಊರಿಗೆ ಹಾಕುತ್ತಾರೆ. ಸ್ವಲ್ಪ ದಿನ ಬರೆಯಬೇಡ.

ನಿನ್ನ ಮಗಳು


ಅಕ್ಟೋಬರ್ ೧೧

ಮಗಳೇ,

ಸ್ವಲ್ಪ ದಿನ ಎಂದಿದ್ದೆ ನೀನು, ನಾನು ನಾಲ್ಕು ತಿಂಗಳು ಕಾದೆ. ಈಗ ಬರೆಯಬಹುದೆಂದು ನಿಮ್ಮಪ್ಪ ಹೇಳುತ್ತಾರೆ.

ಜುಲೈನಲ್ಲಿ ಕಚೇರಿಗೆ ಹೋಗಿ ಹೇಳಿಕೆ ಕೊಟ್ಟೆ. ಬರೆದುಕೊಂಡ ಹುಡುಗಿ, “ಕಾರಣ ಅಂತ ಏನು ಬರೀಲಿ ಮೇಡಂ?” ಎಂದು ಕೇಳಿದಳು. “ಹೊಟ್ಟೆಕಿಚ್ಚು ಅಂತ ಬರಿ” ಎಂದೆ. ಅವಳು ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. “ಕಚೇರಿ ಭಾಷೆಯಲ್ಲಿ ಅದಕ್ಕೆ ಪದ ಇಲ್ಲ ಮೇಡಂ.” ಕೊನೆಗೆ ‘ವೈಯಕ್ತಿಕ ಕಾರಣ’ ಎಂದು ಬರೆದಳು. ನಾನು ಅದನ್ನು ಹೊಡೆದುಹಾಕಿ, ನನ್ನ ಪದವನ್ನು ನನ್ನ ಅಕ್ಷರದಲ್ಲೇ ಬರೆದು ಸಹಿ ಹಾಕಿದೆ.

ವರದಿ ಹೊರಬಂದದ್ದನ್ನು ನೋಡಿರುತ್ತೀಯ. ಅರವತ್ತೊಂದು ಲಾಂಚುಗಳ ಪ್ರಮಾಣಪತ್ರ ರದ್ದಾಗಿ, ಎಲ್ಲವೂ ಈಗ ದಡದ ಮೇಲೆ ಹೊಟ್ಟೆ ತೋರಿಸಿಕೊಂಡು ಮಲಗಿವೆ. ‘ಹಿಂದಿನ ಎಚ್ಚರಿಕೆ’ ಅಧ್ಯಾಯದಲ್ಲಿ ಚುಕ್ಕಿಯ ಎರಡೂವರೆ ಪುಟ ಪೂರ್ತಿಯಾಗಿ ಅಚ್ಚಾಗಿದೆ, ಅವಳ ಹೆಸರಿನೊಂದಿಗೆ. ಕೆಳಗೆ ಒಂದು ಸಾಲಿನಲ್ಲಿ ನಾನು. ಔಷಧಿ ಅಂಗಡಿಯವರು ಈಗ ಮಾತ್ರೆ ಕೊಡುವಾಗ ಮುಖ ಎತ್ತುವುದಿಲ್ಲ.

ಕಳೆದ ವಾರ ಬಂದರಿಗೆ ಹೋಗಿದ್ದೆ, ಯಾರಿಗೂ ತಿಳಿಸದೆ. ಮೊದಲು ಆ ಕಲ್ಲಿನ ಮುಂದೆ ನಿಂತೆ. ಒಂಬತ್ತೂ ಹೆಸರು ಓದಿದೆ. ಅಲ್ಲಿ ಏನಾಯಿತೆಂದು ಬರೆಯಲು ನನಗೆ ಬರುವುದಿಲ್ಲ.

ಚುಕ್ಕಿ ಶಾಲೆಯಿಂದ ಬಂದು ಕಟ್ಟೆಯ ಬೆಂಚಿನ ಮೇಲೆ ಕೂತಿದ್ದಳು. ಅವಳನ್ನು ನೋಡಿ ಇಪ್ಪತ್ತಮೂರು ವರ್ಷವಾಗಿತ್ತು. ಗುರುತು ಹಿಡಿಯಲು ಇಬ್ಬರಿಗೂ ಒಂದು ಕ್ಷಣವೂ ಬೇಕಾಗಲಿಲ್ಲ.

“ಬಂದೆಯಾ” ಎಂದಳು.

“ಬಂದೆ.”

ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದನ್ನೆಲ್ಲ ಹೇಳಿದೆ. ಅವಳು ಕೇಳಿಸಿಕೊಂಡಳು. “ಕ್ಷಮಿಸಿದೆ ಅಂತ ಹೇಳೋಕೆ ನನಗೆ ಬರಲ್ಲ ಕಣೇ. ನನ್ನ ಪಾಲಿನದ್ದು ಬೇಕಾದ್ರೆ ಬಿಡಬಹುದು. ಒಂಬತ್ತು ಜನರ ಪರವಾಗಿ ಹೇಳೋಕೆ ನಾನ್ಯಾರು? ನಾನೂ ನಿನ್ನ ಸಾಲಿನಲ್ಲೇ ನಿಂತವಳು.” ಇಬ್ಬರೂ ನೀರು ನೋಡುತ್ತಾ ಕೂತೆವು. ಅಳು ಬರಲಿಲ್ಲ.

ಅಷ್ಟರಲ್ಲಿ ಅವಳ ಫೋನು ರಿಂಗಣಿಸಿತು. ನೀನು. “ಹೇಳು ಪುಟ್ಟಾ” ಎಂದಳು ಅವಳು. ನಿನ್ನ ದನಿ ನನಗೆ ಕೇಳಿಸುತ್ತಿತ್ತು. ಹೊಸ ಕಚೇರಿಯ ಮೆಟ್ಟಿಲು, ಕೆಟ್ಟ ಚಹಾ, ಯಾರೋ ಮುದುಕ ಜವಾನನ ತಮಾಷೆ, ನೀನು ಒಂದರ ಹಿಂದೆ ಒಂದು ಹೇಳುತ್ತಲೇ ಇದ್ದೆ. ಒಂದು ಸಲವೂ ‘ಹೂಂ’ ಅನ್ನಲಿಲ್ಲ. ನಾನು ಪಕ್ಕದಲ್ಲಿರುವುದನ್ನು ಹೇಳಲೇ ಎಂದು ಅವಳು ಸನ್ನೆಯಲ್ಲಿ ಕೇಳಿದಳು. ಬೇಡ ಎಂದು ತಲೆಯಾಡಿಸಿದೆ.

ಫೋನಿಟ್ಟ ಮೇಲೆ ಅವಳ ಮುಖ ನೋಡಿದೆ. ಹಳೆಯ ಉರಿ ಅಲ್ಲೇ ಇತ್ತು, ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಹಿಂದಿನ ಹಾಗಾಗಿದ್ದರೆ ಏನೋ ಒಂದು ಚುಚ್ಚು ಮಾತು ಆಡಿ ಎದ್ದು ಬರುತ್ತಿದ್ದೆ.

“ನಿನ್ನ ಮೇಲೆ ನನಗೆ ಹೊಟ್ಟೆಕಿಚ್ಚಾಗ್ತಿದೆ ಕಣೇ” ಎಂದೆ.

ಅಷ್ಟು ವರ್ಷ ಒಟ್ಟಿಗಿದ್ದಾಗ ಒಂದು ಸಲ ಬಾಯಿಬಿಟ್ಟು ಹೇಳಿದ್ದರೆ ಸಾಕಾಗುತ್ತಿತ್ತೇನೋ. ಅವಳು ನಗಲಿಲ್ಲ, ತಮಾಷೆ ಮಾಡಲಿಲ್ಲ. “ಗೊತ್ತು. ಮಗಳನ್ನ ಹೆತ್ತವಳು ನೀನು ಅಂತ ನನಗೂ ಆಗ್ತಿದೆ” ಎಂದು ಹೇಳಿ, ಬೆಂಚಿನ ಮೇಲಿನ ಚೀಲ ಕೆಳಗಿಟ್ಟು ನನಗೆ ಇನ್ನಷ್ಟು ಜಾಗ ಮಾಡಿದಳು.

ಸಿಟ್ಟು ಆರಿದ ಮೇಲೆ ಬರಿ. ಆರದಿದ್ದರೂ ಬರಿ.

ನಿನ್ನ ಅಮ್ಮ